ಹನ್ನೆರಡು ಗಾಜಿನ ಬಾಟಲಿ

ಕಟ್ಟೆಮನೆ,
ಅಕ್ಟೋಬರ್ ೭, ಸೋಮವಾರ

ಪ್ರೀತಿಯ ಪಿಟೀಲಿಗೆ,

ಐವತ್ತೆಂಟು ವರ್ಷದ ಗಣಿತದ ಮೇಡಂ ಒಬ್ಬಳನ್ನು ಪಿಟೀಲು ಎಂದು ಕರೆಯಬಾರದು ಅಂತ ನಿನ್ನ ಅತ್ತಿಗೆ ಹೆಗಲ ಹಿಂದಿನಿಂದ ಹೇಳುತ್ತಿದ್ದಾಳೆ. ತೊಟ್ಟಿಲಲ್ಲಿ ಮಲಗಿ ನೀನು ನುಡಿಸುತ್ತಿದ್ದ ರಾಗವನ್ನು ಅವಳು ಕೇಳಿಲ್ಲ. ಕೇಳಿದ ಐದು ವರ್ಷದ ಹುಡುಗ ನಾನು. ಆ ಹಕ್ಕಿನಿಂದ ಕರೆಯುತ್ತೇನೆ.

ಇಲ್ಲಿ ನಾನು, ನಿನ್ನ ಅತ್ತಿಗೆ, ಕಟ್ಟೆ, ಮೂವರೂ ಕ್ಷೇಮ. ಯಾರು ಮೊದಲು ಸೋರುತ್ತೇವೆ ಎಂಬ ಪೈಪೋಟಿ ಮಾತ್ರ ನಡೆದಿದೆ. ನೀನು, ನಿಮ್ಮ ಯಜಮಾನರು, ಮಗಳು ಎಲ್ಲ ಚೆನ್ನಾಗಿದ್ದೀರೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ನಂಬಿಕೊಂಡು ಯಾಕೆಂದರೆ ಹದಿನಾಲ್ಕು ತಿಂಗಳಿಂದ ನಿನ್ನ ಕಡೆಯಿಂದ ಒಂದು ಸಾಲೂ ಬಂದಿಲ್ಲ, ನನ್ನ ಕಡೆಯಿಂದ ಒಂದು ಸಾಲೂ ಹೋಗಿಲ್ಲ. ಸೊನ್ನೆಗೆ ಸೊನ್ನೆ ಸರಿಹೋಯಿತು ಎಂದು ಮೇಡಂ ಹೇಳಬಾರದು. ನನ್ನ ಸೊನ್ನೆ ದೊಡ್ಡದು.

ತಡವಾದದ್ದಕ್ಕೆ ಎರಡು ಕಾರಣಗಳಿವೆ. ಹಗುರವಾದದ್ದನ್ನು ಮೊದಲು ಹೇಳುತ್ತೇನೆ. ನನ್ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಾದ ಮೇಲೊಂದರಂತೆ ಆಪರೇಷನ್ ಆಯಿತು. ಎರಡನೆಯದು ಮುಗಿದ ದಿನ ಡಾಕ್ಟರು ‘ಒಂದು ತಿಂಗಳು ತಲೆ ತಗ್ಗಿಸಬೇಡಿ’ ಅಂದರು. ತಲೆ ತಗ್ಗಿಸದೆ ಬರೆಯಬಹುದಾದ ಪತ್ರಗಳು ಬೇಕಾದಷ್ಟಿರಬಹುದು, ಇದು ಅಂಥದ್ದಲ್ಲ. ಹಾಗಾಗಿ ಕಾದೆ. ಮೊನ್ನೆ ಶನಿವಾರ ತಲೆ ತಗ್ಗಿಸಲು ಅಪ್ಪಣೆ ಸಿಕ್ಕಿತು.

ಭಾರವಾದ ಕಾರಣ ನಿನಗೂ ಗೊತ್ತು. ಹೋದ ವರ್ಷ ಆಗಸ್ಟಿನಲ್ಲಿ ನೀನು ಇಲ್ಲಿಗೆ ಬಂದು, ಒಂದು ಲೋಟ ನೀರೂ ಕುಡಿಯದೆ ಮರಳಿ ಬಸ್ಸು ಹತ್ತಿದೆಯಲ್ಲ, ಆ ಮಧ್ಯಾಹ್ನ. ಅದಕ್ಕೆ ಉತ್ತರ ಕೊಡಬೇಕಾದವನು ನಾನು. ಕೊಡಲೆಂದೇ ಕೂತಿದ್ದೇನೆ. ಆದರೆ ನನ್ನ ಜಾಯಮಾನ ನಿನಗೆ ಗೊತ್ತಲ್ಲ, ಇದ್ದಕ್ಕಿದ್ದಂತೆ ಮುಖ್ಯ ಮಾತಿಗೆ ಬರುವುದು ನನ್ನಿಂದಾಗದು. ಮಣ್ಣಿನ ಕಟ್ಟೆಯನ್ನೂ ಒಂದೇ ಸಲ ಮಣ್ಣು ಸುರಿದು ಕಟ್ಟುವುದಿಲ್ಲ. ಒಂದು ಗೇಣು ಹಾಸಿ, ನೀರು ಚಿಮುಕಿಸಿ, ಚೆನ್ನಾಗಿ ತುಳಿದು, ಮತ್ತೆ ಒಂದು ಗೇಣು. ನಾನೂ ಹಾಗೇ ಬರುತ್ತೇನೆ. ನಡುವೆ ಪತ್ರ ಹರಿದುಹಾಕದಿದ್ದರೆ ಸಾಕು.

ಕಟ್ಟು ಬಿಚ್ಚಿದ ದಿನ ಮೊದಲು ಕಂಡದ್ದು ನಿನ್ನ ಅತ್ತಿಗೆಯ ಮುಖ. ‘ಅಯ್ಯೋ, ನಿಂಗೆ ಇಷ್ಟೊಂದು ಬಿಳಿಕೂದಲು ಯಾವಾಗ ಬಂತು?’ ಅಂದೆ. ‘ಐದು ವರ್ಷ ಆಯ್ತು. ನೀವು ಇವತ್ತಾದ್ರೂ ನೋಡಿದ್ರಲ್ಲ’ ಅಂದಳು. ಮನೆಗೆ ಬಂದು ನೋಡಿದರೆ ನಾನು ಸುಣ್ಣ ಬಳಿದ ಗೋಡೆ ಬಿಳಿಯಲ್ಲ, ತಿಳಿಹಳದಿ. ಅದಕ್ಕೂ ಅವಳೇ ಉತ್ತರ ಕೊಟ್ಟಳು: ‘ಬಳಿಯುವಾಗಲೇ ಹೇಳೋಣ ಅಂತಿದ್ದೆ. ನಿಮ್ಮ ಕಣ್ಣು ಸರಿಯಿಲ್ಲ ಅಂತ ಯಾವತ್ತೋ ಅನುಮಾನ ಬಂದಿತ್ತು. ಕೇಳಿದ್ರೆ ಒಂದು ಜೋಕು ಹೇಳಿ ಜಾರ್ಕೋತಿದ್ರಿ.’ ನಾನು ಜೋಕು ಹೇಳಿ ಜಾರಿಕೊಳ್ಳಬೇಕೆಂದಿದ್ದೆ. ಜಾಗ ಸಿಗಲಿಲ್ಲ.

ಈಗ ಕಟ್ಟೆಯ ಕಥೆ. ನೀನು ಇದನ್ನೆಲ್ಲ ನನ್ನ ಬಾಯಿಂದ ಕೇಳಿದ್ದೀಯೇ ಹೊರತು ಕಣ್ಣಿಂದ ಸರಿಯಾಗಿ ನೋಡಿದವಳಲ್ಲ. ಹಾಗಾಗಿ ಹಳೆಯದನ್ನು ಹೊಸದರಂತೆ ಹೇಳುತ್ತೇನೆ, ಸಹಿಸಿಕೋ. ದೊಡ್ಡ ದೊಡ್ಡ ಅಣೆಕಟ್ಟುಗಳ ಪಕ್ಕದಲ್ಲಿ ನಿಲ್ಲಿಸಿದರೆ ನಮ್ಮದು ಆನೆಯ ಪಕ್ಕದ ಆಮೆ. ಎರಡು ಗುಡ್ಡಗಳ ನಡುವೆ ಹಳ್ಳಕ್ಕೆ ಅಡ್ಡವಾಗಿ ಹಾಕಿದ ಮಣ್ಣಿನ ಏರಿ. ನಡೆದರೆ ನನಗೆ ಇನ್ನೂರ ಅರವತ್ತು ಹೆಜ್ಜೆ, ನಿನ್ನ ಅತ್ತಿಗೆಗೆ ಮುನ್ನೂರು. ಕರೆಂಟು ಹುಟ್ಟುವುದಿಲ್ಲ, ಕಾಲುವೆಯಿಲ್ಲ, ದೋಣಿಯಿಲ್ಲ. ವರ್ಷದಲ್ಲಿ ಹತ್ತು ತಿಂಗಳು ಅದರ ಮುಂದೆ ನೀರಿಗಿಂತ ಕುರಿ ಜಾಸ್ತಿ. ಜೋರು ಮಳೆ ಬಂದಾಗ ಮಾತ್ರ ಹಳ್ಳದ ನೀರನ್ನು ಹಿಡಿದಿಟ್ಟುಕೊಂಡು, ಬುಡದ ಕೊಳವೆಯಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಕೆಳಗಿನ ಅರವತ್ತೆರಡು ಮನೆಗಳಿಗೆ ನೀರು ನುಗ್ಗದ ಹಾಗೆ. ಏನೂ ಆಗದಂತೆ ನೋಡಿಕೊಳ್ಳುವುದು ಅದರ ಕೆಲಸ, ಏನೂ ಆಗಲಿಲ್ಲ ಎಂದು ಬರೆದಿಡುವುದು ನನ್ನ ಕೆಲಸ. ಕಾವ್ಯ ಓದಿ ಕಾವಲಿಗೆ ಬಂದವನು ಎಂದು ಕಾಲೇಜಿನ ಗೆಳೆಯರು ನಗುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ರಿಜಿಸ್ಟರಿನಲ್ಲಿ ನಾನು ಬರೆದ ಅತಿ ಉದ್ದದ ವಾಕ್ಯ ‘ಈ ದಿನ ವಿಶೇಷವಿಲ್ಲ’.

ಆ ಏರಿಯ ಹೊಟ್ಟೆಯೊಳಗೆ ಒಂದು ಜೇಡಿಮಣ್ಣಿನ ಗೋಡೆಯಿದೆ. ನಿಜವಾಗಿ ನೀರನ್ನು ತಡೆಯುವುದು ಅದೊಂದೇ. ಹೊರಗಿನ ಕೆಂಪು ಮಣ್ಣು ಅದರ ಅಂಗಿ. ಆ ಜೇಡಿಮಣ್ಣು ಎಲ್ಲಿಯದೆಂದು ನಾನು ನಿನಗೆ ಹೇಳಬೇಕಾಗಿಲ್ಲ, ಆದರೂ ಒಮ್ಮೆ ನನ್ನ ಕೈಯಿಂದ ಬರೆಯಬೇಕು. ಅದು ಅಮ್ಮನ ತರಕಾರಿ ತೋಟದ ಮಣ್ಣು. ಅಮ್ಮ ಹೋದ ಮೇಲೆ ಆ ತುಂಡು ನಿನ್ನದು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾಗದದಲ್ಲಿ ಮಾತ್ರ ನನ್ನ ಹೆಸರಿತ್ತು. ಹಳ್ಳ ಊರಿಗೆ ನುಗ್ಗಿ ದರ್ಜಿಯ ಮನೆಯ ಗೋಡೆ ಕೊಚ್ಚಿಕೊಂಡು ಹೋದ ಮರುವರ್ಷ ಕಟ್ಟೆ ಕಟ್ಟುವವರು ಬಂದರು. ಒಳ್ಳೆಯ ಜೇಡಿ ಹುಡುಕುತ್ತ ನಮ್ಮ ಬೇಲಿಯ ಬಳಿ ಕುಕ್ಕರುಗಾಲಲ್ಲಿ ಕೂತು, ಮಣ್ಣನ್ನು ಅಂಗೈಯಲ್ಲಿ ಹೊಸೆದು ದಾರದ ಹಾಗೆ ಎಳೆದು, ತುಂಡಾಗದ್ದು ನೋಡಿ ‘ಇದೇ ಬೇಕು’ ಅಂದರು. ನಾನು ಸಹಿ ಹಾಕಿದೆ. ನೀನು ರಜೆಗೆ ಬಂದಾಗ ಹುರುಳಿಬಳ್ಳಿಯಿದ್ದ ಕಡೆ ಆಳುದ್ದದ ಗುಂಡಿ.

ನೀನು ಕೂಗಾಡಲಿಲ್ಲ. ‘ಅಣ್ಣಾ, ಕೊಡಬೇಡ ಅಂತಿರಲಿಲ್ಲ. ಒಂದು ಮಾತು ಕೇಳಬಹುದಿತ್ತು’ ಅಂದೆ.

‘ಕೇಳಿದ್ರೆ ಪಿಟೀಲು ಶುರುವಾಗ್ತಿತ್ತು, ಅದಕ್ಕೇ ಕೇಳಲಿಲ್ಲ’ ಅಂದೆ ನಾನು. ಸುತ್ತ ನಿಂತಿದ್ದವರೆಲ್ಲ ನಕ್ಕರು. ನೀನು ನಗಲಿಲ್ಲ. ಈ ಮಣ್ಣಿನ ಮೇಲೆ ಕಾಲಿಡುವುದಿಲ್ಲ ಎಂದು ಅವತ್ತೇ ಹೇಳಿದೆ. ಜೊತೆಗೆ ನನಗೊಂದು ಹೆಸರನ್ನೂ ಇಟ್ಟೆ, ಮಣ್ಣಣ್ಣ. ಮಣ್ಣಿಗೂ ಅಣ್ಣನಿಗೂ ಸಂಧಿ ಮಾಡಿಕೊಟ್ಟೆ, ನಮ್ಮಿಬ್ಬರ ಸಂಧಾನ ಮಾತ್ರ ಆಗಲಿಲ್ಲ. ಕಟ್ಟೆಮನೆಗೆ ಬರಲು ಏರಿಯ ಮೇಲಿನ ದಾರಿಯೊಂದೇ. ಹಾಗಾಗಿ ಇಪ್ಪತ್ತೆರಡು ವರ್ಷ ನಾವು ಭೇಟಿಯಾದದ್ದೆಲ್ಲ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ. ವರ್ಷಕ್ಕೊಂದು ಸಲ ನೀನು ಬರುತ್ತಿದ್ದೆ, ಮುಂದಿನ ಬಸ್ಸು ಬರುವವರೆಗೆ ಕೂರುತ್ತಿದ್ದೆ. ನಾನು ಕಟ್ಟೆಪುರಾಣ ಬಿಚ್ಚುತ್ತಿದ್ದೆ, ನೀನು ಬಸ್ಸಿನ ದಾರಿ ನೋಡುತ್ತ ಕೇಳಿಸಿಕೊಳ್ಳುತ್ತಿದ್ದೆ.

ಆ ಬೆಂಚಿನ ಮೇಲೆ ನೀನು ಅತಿ ಹೆಚ್ಚು ಸಲ ಕೇಳಿದ್ದು ಬಾಟಲಿಯ ಗೋಳು. ಮಣ್ಣಿನ ಕಟ್ಟೆ ಎಷ್ಟೇ ಗಟ್ಟಿಯಿದ್ದರೂ ಒಂದಿಷ್ಟು ಜಿನುಗುತ್ತದೆ. ಜಿನುಗಿದ್ದು ಬುಡದ ಚರಂಡಿಯಲ್ಲಿ ಬೆರಳು ದಪ್ಪ ಹರಿಯುತ್ತದೆ. ಕಟ್ಟೆ ಅತ್ತರೆ ತೊಂದರೆಯಿಲ್ಲ, ಅಳುವಾಗ ಮಣ್ಣು ಕಕ್ಕಬಾರದು ಅಷ್ಟೇ. ನೀರು ತಿಳಿಯಾಗಿದ್ದರೆ ಒಳಗೆಲ್ಲ ಕ್ಷೇಮ. ಕದಡಿದ್ದರೆ ಅದು ಒಳಗಿನ ಮಣ್ಣನ್ನು ಕದಿಯುತ್ತಿದೆ, ಬಿಲ ಕೊರೆಯುತ್ತಿದೆ ಎಂದರ್ಥ. ಹೊರಗಿನಿಂದ ನೋಡಿದರೆ ಏನೂ ಕಾಣದು, ಒಂದು ದಿನ ಏರಿ ಕುಸಿದು ಕೂರುತ್ತದೆ. ಅದಕ್ಕೇ ಪ್ರತಿ ಸೋಮವಾರ ಒಂದು ಬಾಟಲಿ ತುಂಬಿ, ತಾರೀಕಿನ ಚೀಟಿ ಅಂಟಿಸಿ, ಕಿಟಕಿಯ ಹಲಗೆಯ ಮೇಲೆ ಒಂದು ಗಂಟೆ ಇಟ್ಟು, ಬೆಳಕಿಗೆ ಹಿಡಿದು ನೋಡಿ, ಎರಡರಲ್ಲಿ ಒಂದು ಪದ ಬರೆಯಬೇಕು: ‘ತಿಳಿ’ ಅಥವಾ ‘ಕದಡು’. ಹನ್ನೆರಡು ವಾರದ ಹನ್ನೆರಡು ಬಾಟಲಿ ಸಾಲಾಗಿ ನಿಂತಿರಬೇಕು. ಹದಿಮೂರನೆಯ ವಾರ ಮೊದಲನೆಯದನ್ನು ಚೆಲ್ಲಿ, ತೊಳೆದು, ಮತ್ತೆ ತುಂಬಬೇಕು. ಬಣ್ಣವಿಲ್ಲದ ಗಾಜಿನ ಬಾಟಲಿಗಾಗಿ ನಾನು ಕಂಡಕಂಡವರ ಮುಂದೆ ಕೈಯೊಡ್ಡಿದವನು. ಒಬ್ಬರು ಹಸಿರು ಕೊಟ್ಟರು, ಒಬ್ಬರು ಕಂದು ಕೊಟ್ಟರು, ಅಂಚೆಯವನು ಸೀಸೆಯ ಜೊತೆ ಅದರೊಳಗಿನ ಕೆಮ್ಮಿನ ಔಷಧಿಯನ್ನೂ ಕೊಟ್ಟ.

ನಾಲ್ಕು ವರ್ಷದ ಹಿಂದೆ ಲೋಕಕ್ಕೆ ಮಂಜು ಕವಿಯತೊಡಗಿತು. ತಪ್ಪು ಲೋಕದ್ದೇ ಎಂದುಕೊಂಡೆ. ಆಮೇಲೆ ಅದು ನನ್ನದೆಂದು ಗೊತ್ತಾದರೂ ಒಪ್ಪಿಕೊಳ್ಳಲಿಲ್ಲ. ಕಣ್ಣು ತೋರಿಸಿದರೆ ಕಚೇರಿಗೆ ತಿಳಿಯುತ್ತದೆ, ತಿಳಿದರೆ ಕಟ್ಟೆ ಬಿಡಿಸುತ್ತಾರೆ. ನೋಡುವುದಕ್ಕೆಂದೇ ಇಟ್ಟುಕೊಂಡವನಿಗೆ ಕಾಣುವುದಿಲ್ಲ ಎಂದರೆ ಇನ್ನೇನು ಉಳಿಯಿತು? ಹಾಗಾಗಿ ಉಪಾಯಗಳನ್ನು ಮಾಡಿಕೊಂಡೆ. ಏರಿಯ ಮೇಲೆ ಹೆಜ್ಜೆ ಎಣಿಸಿ ನಡೆದೆ. ಜನರನ್ನು ಕೆಮ್ಮು, ಚಪ್ಪಲಿ ಸದ್ದುಗಳಿಂದ ಗುರುತಿಸಿದೆ. ಏರಿಯ ತುದಿಯಲ್ಲಿ ಕಚೇರಿಯವರು ನೆಟ್ಟ ಒಂದು ಫಲಕವಿದೆ, ‘ಹೊರಗಿನವರು ಏರಿಯ ಮೇಲೆ ಬರಬಾರದು’ ಅಂತ. ಯಾವ ಆಕಾರ ಕಂಡರೂ, ಗುರುತು ಸಿಗದಿದ್ದರೆ, ದೊಡ್ಡ ದನಿಯಲ್ಲಿ ಆ ಫಲಕವನ್ನು ಓದಿಬಿಡುತ್ತಿದ್ದೆ. ನಮ್ಮವರಾಗಿದ್ದರೆ ನಗುತ್ತಾರೆ, ನಗುವಿನಿಂದ ಯಾರೆಂದು ತಿಳಿಯುತ್ತದೆ. ಹೊರಗಿನವರಾಗಿದ್ದರೆ ಹೋಗುತ್ತಾರೆ. ಎರಡರಲ್ಲೂ ನನ್ನ ಮಾನ ಉಳಿಯುತ್ತಿತ್ತು. ಹೀಗೆ ಒಂದು ಕರುವಿಗೆ, ದರ್ಜಿ ಒಣಹಾಕಿದ್ದ ಕಂಬಳಿಗೆ, ಒಂದು ಸಲ ಸ್ವತಃ ನಿನ್ನ ಅತ್ತಿಗೆಗೆ ಫಲಕ ಓದಿದ್ದೇನೆ. ‘ಒಳಗಿನವಳಾಗಿ ಮೂವತ್ತೈದು ವರ್ಷ ಆಯ್ತು, ಇನ್ನೂ ಪರ್ಮಿಟ್ಟು ಬೇಕಾ?’ ಅಂದಿದ್ದಳು.

ಬಾಟಲಿಯ ಮುಂದೆ ಮಾತ್ರ ಯಾವ ಉಪಾಯವೂ ನಡೆಯಲಿಲ್ಲ. ಹನ್ನೆರಡೂ ಒಂದೇ ಥರ ಮಬ್ಬು. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸವಿಲ್ಲ ಅಂದಮೇಲೆ ನೀರು ಮೊದಲಿನಂತೆ ತಿಳಿಯಾಗಿಯೇ ಇರಬೇಕು ಎಂದು ತರ್ಕ ಮಾಡಿ, ‘ತಿಳಿ’ ಎಂದು ಬರೆದೆ. ತಿಳಿಯದೆ ‘ತಿಳಿ’ ಬರೆದೆ. ಎಷ್ಟು ಸೋಮವಾರ ಎಂದು ಕೇಳಬೇಡ. ಆ ಎರಡಕ್ಷರ ನಂಬಿ ಅರವತ್ತೆರಡು ಮನೆ ನಿದ್ದೆ ಮಾಡುತ್ತಿತ್ತು.

ಈ ಜುಲೈನಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ಯಿತು. ನೀರು ಏರಿಯ ಅರ್ಧಕ್ಕೆ ಬಂದಿತ್ತು. ಸೋಮವಾರ ಮಧ್ಯಾಹ್ನ ಬಾಟಲಿ ತುಂಬಿ ತಂದೆ. (ಅದು ನಿನಗೆ ಗೊತ್ತಿರುವ ಬಾಟಲಿಗಳಲ್ಲೊಂದು. ಆ ಮಾತು ಆಮೇಲೆ.) ಮಳೆಯ ಮಬ್ಬಿಗೆ ಕಣ್ಣಿನ ಮಬ್ಬು ಸೇರಿ ಬಾಟಲಿಯಲ್ಲಿ ಹಾಲು ತುಂಬಿದ ಹಾಗೆ ಕಂಡಿತು. ಅಭ್ಯಾಸಬಲದಿಂದ ಪೆನ್ನು ಹಿಡಿದೆ. ‘ತಿ’ ಬರೆದೆ. ‘ಳಿ’ ಬರಲಿಲ್ಲ. ಇದು ನಿಜವಾಗಿಯೂ ಕದಡಿದ್ದರೆ? ಇಪ್ಪತ್ತೆರಡು ವರ್ಷ ಏನೂ ಆಗಲಿಲ್ಲ ಎಂದು ಬರೆದವನ ಕೈಯಲ್ಲಿ ಇವತ್ತೇ ಆಗಿಬಿಟ್ಟರೆ? ಪೆನ್ನು ಕೆಳಗಿಟ್ಟೆ, ಪಿಟೀಲು. ಎದ್ದು ಹೋಗಿ ಸೈರನ್ನಿನ ಹಿಡಿಕೆ ತಿರುಗಿಸಿದೆ.

ಕಟ್ಟೆಗೆ ಅಪಾಯವಾದರೆ ಊರನ್ನು ಶಾಲೆಯ ದಿಬ್ಬಕ್ಕೆ ಹತ್ತಿಸಲೆಂದು ಇಟ್ಟ, ಕೈಯಿಂದ ತಿರುಗಿಸುವ ಸೈರನ್ನು. ಇಪ್ಪತ್ತೆರಡು ವರ್ಷ ಎಣ್ಣೆ ಕುಡಿಯುವುದು ಬಿಟ್ಟರೆ ಬೇರೆ ಕೆಲಸ ಮಾಡಿದ್ದಲ್ಲ. ಮೊದಲು ಗೊರಗೊರ ಅಂದಿತು, ಆಮೇಲೆ ಅದರಿಂದ ಹೊರಟ ದನಿ ಕೇಳಿ ನನಗೆ ತೊಟ್ಟಿಲೇ ನೆನಪಾಯಿತು.

ನಿನ್ನ ಅತ್ತಿಗೆ ಹಿತ್ತಲಿಂದ ಓಡಿಬಂದಳು. ಬಾಟಲಿ ಎತ್ತಿ ನೋಡಿ, ‘ನಂಗೆ ಚೆನ್ನಾಗೇ ಕಾಣ್ತಿದೆಯಲ್ರೀ’ ಅಂದಳು.

‘ನಿಂಗೇನು ಗೊತ್ತು? ಇಪ್ಪತ್ತೆರಡು ವರ್ಷದಿಂದ ನೋಡ್ತಿರೋನು ನಾನು. ಶಾಲೆ ಹತ್ರ ಹೋಗು, ಹೊರಡು.’

ಅವಳು ಬಾಟಲಿ ಕೆಳಗಿಟ್ಟು ನನ್ನ ಪಕ್ಕದಲ್ಲೇ ಕೂತಳು. ‘ನಾನು ಇಲ್ಲೇ ಇರ್ತೀನಿ. ಕಟ್ಟೆ ಒಡೆದ್ರೆ ನಿಮಗೆ ಕಾಣದೆ ಹೋಗಬಹುದು. ನಾನು ಹೇಳ್ತೀನಿ.’

ಕೆಳಗೆ ಊರು ಹೊರಟಿತು. ನನಗೆ ಕಂಡದ್ದು ಬಣ್ಣಬಣ್ಣದ ಮಬ್ಬಿನ ಒಂದು ಸಾಲು, ಶಾಲೆಯ ದಿಬ್ಬದ ಕಡೆ ಏರುತ್ತಿತ್ತು. ಉಳಿದದ್ದು ಆಮೇಲೆ ಕೇಳಿ ತಿಳಿದದ್ದು. ಅಂಚೆಯವನು ಕಟಿಂಗ್ ಶಾಪಿನ ಕುರ್ಚಿಯಿಂದ ಅರ್ಧ ಗಡ್ಡದಲ್ಲೇ ಎದ್ದು ಓಡಿದ. ದರ್ಜಿ ‘ಒಂದು ಗುಂಡಿ ಬಾಕಿ ಇದೆ, ಒಂದೇ ನಿಮಿಷ’ ಅಂದನಂತೆ. ಹೆಂಡತಿ ‘ಜೀವ ಇದ್ರೆ ತಾನೇ ಗುಂಡಿ’ ಎಂದು ಹೊಲಿಗೆ ಮಿಷನ್ನನ್ನು ಅವನ ತಲೆಯ ಮೇಲೆ ಹೊರಿಸಿ ದಬ್ಬಿದಳಂತೆ. ನಲವತ್ತು ನಿಮಿಷದಲ್ಲಿ ಅರವತ್ತೆರಡು ಮನೆ ಖಾಲಿ.

ಇನ್ನೊಂದು ಗಂಟೆಯಲ್ಲಿ ಕಚೇರಿಯ ಜೀಪು ಬಂತು. ಹೊಸದಾಗಿ ಬಂದ ಇಂಜಿನಿಯರು, ನಿನ್ನ ಮಗಳ ವಯಸ್ಸಿನ ಹುಡುಗಿ. ರಬ್ಬರ್ ಬೂಟಿನಲ್ಲಿ ಬುಡದ ಚರಂಡಿಗೆ ಇಳಿದಳು, ತುಂಬ ಹೊತ್ತು ಬಗ್ಗಿ ನೋಡಿದಳು, ತಾನೇ ಒಂದು ಬಾಟಲಿ ತುಂಬಿ ತಂದಳು. ನನ್ನ ಕೈಗೆ ಕೊಟ್ಟು ‘ಇದು ಹೇಗಿದೆ ಸರ್?’ ಅಂದಳು.

‘ಕದಡು.’

ಇನ್ನೊಂದು ಕೊಟ್ಟಳು. ‘ಇದು?’

‘ಇದು ಇನ್ನೂ ಕದಡು.’

‘ಇದು ನಾನು ಕುಡಿಯೋ ನೀರು ಸರ್.’

‘ಹಾಗಾದ್ರೆ ಮೊದಲು ನಿಮ್ಮ ಆಫೀಸು ಒಡೆಯುತ್ತೆ’ ಅಂದೆ.

ಅವಳು ನಗಲಿಲ್ಲ. ನನ್ನ ಮೊಣಕೈ ಹಿಡಿದು ಕಿಟಕಿಯ ಕಡೆ ಮೆಲ್ಲಗೆ ತಿರುಗಿಸಿದಳು. ‘ಅಲ್ಲಿ ಎಷ್ಟು ಬಾಟಲಿ ಇದೆ ಸರ್?’

‘ಹನ್ನೆರಡು.’

‘ನೋಡಿ ಹೇಳಿದ್ರಾ, ಲೆಕ್ಕ ಗೊತ್ತಿದೆ ಅಂತ ಹೇಳಿದ್ರಾ?’

ಅವಳು ಹನ್ನೆರಡನ್ನೂ ಒಂದೊಂದಾಗಿ ಎತ್ತಿ, ಟಾರ್ಚು ಹಾಕಿ ನೋಡಿದಳು. ಹನ್ನೆರಡೂ ತಿಳಿ. ನಾನು ನೋಡದೆ ಬರೆದದ್ದೆಲ್ಲ ನಿಜವೇ ಆಗಿತ್ತು. ಅದು ನನ್ನ ಪುಣ್ಯವಲ್ಲ, ಒಳಗಿನ ಜೇಡಿಮಣ್ಣಿನ ಪುಣ್ಯ. ಅಮ್ಮನ ತೋಟ ನನ್ನ ಸುಳ್ಳನ್ನು ನಿಜ ಮಾಡಿಕೊಂಡು ನಿಂತಿತ್ತು.

ಊರಿಗೆ ನಾನೇ ಹೋಗಿ ಹೇಳುತ್ತೇನೆ ಅಂದೆ. ಶಾಲೆಯ ಜಗಲಿಯಲ್ಲಿ ಎಲ್ಲರೂ ಒದ್ದೆಯಾಗಿ ಕೂತಿದ್ದರು. ‘ನೀರು ತಿಳಿಯಾಗೇ ಇದೆ. ನನ್ನ ಕಣ್ಣಿಗೆ ಪೊರೆ ಬಂದಿದೆ’ ಅಂದೆ. ದರ್ಜಿ ಎದ್ದ. ಹಿಂದೊಮ್ಮೆ ಗೋಡೆ ಕಳೆದುಕೊಂಡವನು, ಕೇಳುವ ಹಕ್ಕಿದ್ದವನು.

‘ಅಂದ್ರೆ ಕಟ್ಟೆಗೆ ಏನೂ ಆಗಿಲ್ಲ?’

‘ಇಲ್ಲ.’

‘ಆಗಿರೋದು ನಿಮಗೆ?’

‘ಹೌದು.’

‘ಸದ್ಯ’ ಅಂದ. ಅಂದವನೇ ಗಾಬರಿಯಾಗಿ, ‘ಅಯ್ಯೋ, ನಿಮ್ಮ ಕಣ್ಣು ಹೋದದ್ದು ಒಳ್ಳೇದಾಯ್ತು ಅಂತಲ್ಲ ಯಜಮಾನ್ರೆ’ ಎಂದು ತಿದ್ದಲು ಹೋಗಿ, ಇನ್ನಷ್ಟು ಕದಡಿದ. ಅಲ್ಲಿದ್ದವರೆಲ್ಲ ನಗತೊಡಗಿದರು. ಆ ನಗುವಿನಲ್ಲಿ ನನಗೆ ಒಬ್ಬೊಬ್ಬರದೂ ಗುರುತಾಯಿತು. ಅಂಚೆಯವನ ಅರ್ಧ ಗಡ್ಡದ ನಗು ಕೂಡ.

ನೋಡದೆ ಬರೆದ ಸೋಮವಾರಗಳ ವಿಷಯ ಇಂಜಿನಿಯರಿಗೆ ಆ ಸಂಜೆಯೇ ಒಪ್ಪಿಸಿದೆ. ಅವಳು ಅದನ್ನು ಮುಚ್ಚಿಡಲಿಲ್ಲ, ಬರೆದುಕೊಂಡಳು. ಅದು ನನಗೆ ಹಿಡಿಸಿತು. ಮೇಲಿನವರಿಂದ ಒಂದು ಕಟು ಪತ್ರ ಬಂತು, ಜೊತೆಗೆ ಒಂದು ಹೊಸ ನಿಯಮವೂ. ಇನ್ನು ಮುಂದೆ ಪ್ರತಿ ಬಾಟಲಿಯನ್ನೂ ಇಬ್ಬರು ನೋಡಬೇಕು, ಇಬ್ಬರು ಸಹಿ ಹಾಕಬೇಕು. ಕಣ್ಣು ಸರಿಯಾದರೆ ನಾನು ಉಳಿಯಬಹುದು. ಎರಡನೆಯ ಸಹಿ ನಿನ್ನ ಅತ್ತಿಗೆಯದು. ಬಾಟಲಿ ನೋಡುವ ಮೊದಲು ಅವಳು ನನ್ನ ಕಣ್ಣು ನೋಡುತ್ತಾಳೆ.

ಇವತ್ತು ಸೋಮವಾರ. ಬೆಳಿಗ್ಗೆ ಬಾಟಲಿ ತುಂಬಿ ಕಿಟಕಿಗೆ ಹಿಡಿದೆ. ಬಾಟಲಿಯಾಚೆ ಕಿಟಕಿ ಕಂಡಿತು, ಕಿಟಕಿಯಾಚೆ ಏರಿ, ಏರಿಯ ಮೇಲೆ ಹುಲ್ಲು, ಹುಲ್ಲಿನಲ್ಲಿ ಒಂದು ಹೆಗ್ಗಣದ ಬಿಲ. ನಾಲ್ಕು ವರ್ಷ ಅದು ನನ್ನ ಕಣ್ಣೆದುರೇ ಸಂಸಾರ ಹೂಡಿತ್ತೇನೋ. ‘ತಿಳಿ’ ಎಂದು ಬರೆದೆ. ಎರಡಕ್ಷರ ಬರೆಯಲು ಇಷ್ಟು ಸುಖವಾಗುತ್ತದೆ ಎಂದು ಗೊತ್ತಿರಲಿಲ್ಲ. ಬಿಲಕ್ಕೆ ಮಧ್ಯಾಹ್ನ ಮಣ್ಣು ತುಂಬಿ ತುಳಿದುಬಂದೆ.

ನಿಮ್ಮ ಯಜಮಾನರಿಗೆ ನಮಸ್ಕಾರ ಹೇಳು. ಮಗಳಿಗೆ ಮಾವನ ಪ್ರೀತಿ. ನಿನ್ನ ಕೈಯಲ್ಲಿ ಲೆಕ್ಕ ಕಲಿಯುವ ಮಕ್ಕಳೆಲ್ಲ ಪಾಸಾಗಲಿ, ಫೇಲಾದವರು ನನ್ನ ಹಾಗೆ ಎಲ್ಲಾದರೂ ಒಂದು ಕಟ್ಟೆ ಹಿಡಿಯಲಿ. ನಿನ್ನ ಮೊಣಕಾಲು ಮೆಟ್ಟಿಲಿಗೆ ಹೆದರದಿರಲಿ. ನಿನ್ನ ಮನೆಯ ತಂಪು ಆರದಿರಲಿ, ನಿನ್ನ ಕಣ್ಣು ಕೊನೆಯವರೆಗೂ ನಿಚ್ಚಳವಾಗಿರಲಿ. ಅಣ್ಣನಾಗಿ ಇಷ್ಟು ಹರಸುವ ಅಧಿಕಾರ ಇನ್ನೂ ಇದೆ ಎಂದುಕೊಂಡಿದ್ದೇನೆ.

ಇಂತಿ ನಿನ್ನ
ಮಣ್ಣಣ್ಣ

ತಾ.ಕ.: ಪತ್ರ ಮಡಿಸಿ ಲಕೋಟೆಯೊಳಗೆ ಹಾಕಿ ಮತ್ತೆ ತೆಗೆದೆ. ‘ಬರೀಬೇಕಾದ್ದು ಒಂದನ್ನ ಬಿಟ್ಟು ಎಲ್ಲ ಬರೆದಿದ್ದೀರಿ’ ಎಂದು ನಿನ್ನ ಅತ್ತಿಗೆ ಹೇಳಿದಳು. ಅವಳಿಗೂ ನಾನಿದನ್ನು ಹೇಳಿದ್ದು ಆಸ್ಪತ್ರೆಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿದ್ದಾಗ, ಅವಳ ಮುಖ ಕಾಣದಿದ್ದಾಗ.

ಹೋದ ವರ್ಷ ಆಗಸ್ಟಿನ ಆ ಮಧ್ಯಾಹ್ನ ಅವಳು ತನ್ನ ಅಕ್ಕನ ಮನೆಗೆ ಹೋಗಿದ್ದಳು. ನಾನೊಬ್ಬನೇ ಬಾಗಿಲ ಮುಂದೆ ಕೂತಿದ್ದೆ. ಏರಿಯ ಆ ತುದಿಯಲ್ಲಿ ಒಂದು ಆಕಾರ ಮೇಲೆ ಹತ್ತಿತು. ಕೊಡೆ ಹಿಡಿದಿತ್ತು, ಒಂದು ಕೈ ಭಾರಕ್ಕೆ ಜಗ್ಗಿತ್ತು. ಏರಿಯ ನಡುವಿನವರೆಗೆ ಬಂದು ನಿಂತಿತು. ನಾನು ಎದ್ದು ಕೂಗಿದೆ, ‘ಹೊರಗಿನವರು ಏರಿಯ ಮೇಲೆ ಬರಬಾರದು’ ಅಂತ. ನಗು ಕೇಳುತ್ತದೇನೋ ಎಂದು ಕಾದೆ. ಕೇಳಲಿಲ್ಲ. ಇನ್ನೊಮ್ಮೆ ಕೂಗಿದೆ. ಆಕಾರ ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ತಿರುಗಿ ಹೋಯಿತು.

ಸಂಜೆ ಬಸ್ ನಿಲ್ದಾಣಕ್ಕೆ ಪೇಪರ್ ತರಲು ಹೋಗಿದ್ದೆ. ಓದಲಾಗದಿದ್ದರೂ ತರುತ್ತಿದ್ದೆ. ಕಂಡಕ್ಟರ್ ಕೇಳಿದ, ‘ನಿಮ್ಮ ತಂಗಿ ಯಾಕೆ ಬಂದ ಬಸ್ಸಿಗೇ ವಾಪಸ್ ಹೋದ್ರು? ಟಿಕೆಟ್ ಕೊಡುವಾಗ ಮಾತೇ ಆಡಲಿಲ್ಲ’ ಅಂತ. ಓಡುತ್ತ ಬಂದು ಏರಿಯ ನಡುವೆ ತಡಕಾಡಿದೆ. ಚೀಲ ಸಿಕ್ಕಿತು. ಹನ್ನೆರಡು ಬಾಟಲಿ. ಬಣ್ಣವಿಲ್ಲದ ಗಾಜು, ಚೀಟಿ ನೆನೆಸಿ ಕಿತ್ತು, ಅಂಟು ಉಜ್ಜಿ ತೆಗೆದು, ಒಂದೊಂದನ್ನೂ ಪೇಪರಿನಲ್ಲಿ ನೀನು ಸುತ್ತಿದ್ದೆ. ಅಂಟು ಒಂದು ಚೂರೂ ಉಳಿದಿರಲಿಲ್ಲ, ಬೆರಳಾಡಿಸಿ ನೋಡಿದೆ. ಬೆಂಚಿನ ಮೇಲೆ ಬಸ್ಸಿನ ದಾರಿ ನೋಡುತ್ತ ಕೂತವಳು ಎಲ್ಲವನ್ನೂ ಕೇಳಿಸಿಕೊಂಡಿದ್ದೆ.

ನನಗೆ ನೀನು ಕಾಣಲಿಲ್ಲ, ಪುಟ್ಟಿ. ಇಪ್ಪತ್ತೆರಡು ವರ್ಷದ ಮೇಲೆ ನೀನಾಗಿ ಈ ಮಣ್ಣಿನ ಮೇಲೆ ಕಾಲಿಟ್ಟೆ. ಅದು ನಿನ್ನದೇ ಮಣ್ಣು, ಅದರ ಮೇಲೆ ನಿಂತ ನಿನಗೆ ನಾನು ಹೊರಗಿನವಳು ಅಂದೆ, ಎರಡು ಸಲ. ನನ್ನ ಬಾಯಿಂದ ಯಾವತ್ತೂ ಬರುತ್ತಿದ್ದುದು ಚುಚ್ಚುಮಾತೇ ಆದ್ದರಿಂದ ಇದನ್ನೂ ಹಾಗೇ ತಿಳಿದಿರುತ್ತೀಯ. ಬೇರೆ ಹೇಗೆ ತಿಳಿಯುತ್ತಿದ್ದೆ?

ಆದರೆ ಅದು ಕಣ್ಣಿನ ತಪ್ಪು. ನನ್ನ ತಪ್ಪು ಮಾರನೆಯ ದಿನದ್ದು. ‘ನನಗೆ ಕಣ್ಣು ಕಾಣುವುದಿಲ್ಲ, ನೀನೆಂದು ಗೊತ್ತಾಗಲಿಲ್ಲ’ ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಬರೆಯಲು ಕೂತೆ ಕೂಡ. ಆ ಸಾಲು ಹೊರಗೆ ಹೋದರೆ ಕಟ್ಟೆ ಕೈತಪ್ಪುತ್ತದೆ ಎಂದು ಹೆದರಿದೆ. ಕಟ್ಟೆ ಉಳಿಸಿಕೊಂಡು ನಿನ್ನನ್ನು ಬಿಟ್ಟುಕೊಟ್ಟೆ. ಬಾಟಲಿ ಎಲ್ಲಿಯದು ಎಂದು ನಿನ್ನ ಅತ್ತಿಗೆ ಕೇಳಿದಾಗ ‘ತಂಗಿ ಕಳಿಸಿದಳು’ ಅಂದೆ. ಹದಿನಾಲ್ಕು ತಿಂಗಳು, ಸೋಮವಾರ ಸೋಮವಾರ, ನಿನ್ನ ಬಾಟಲಿಗಳನ್ನೇ ತುಂಬಿದ್ದೇನೆ.

ಒಂದು ಮಾತು ಕೇಳಬಹುದಿತ್ತು ಎಂದು ಅವತ್ತು ಅಂದಿದ್ದೆಯಲ್ಲ. ಈಗ ಕೇಳುತ್ತಿದ್ದೇನೆ. ಬರುತ್ತೀಯಾ? ಇಲ್ಲ ಎಂದರೂ ಸರಿ, ಅದನ್ನು ಹೇಳುವ ಹಕ್ಕು ನಿನ್ನದು. ಬರುವುದಾದರೆ ಮೊದಲೇ ತಿಳಿಸಬೇಕೆಂದಿಲ್ಲ. ಬಾಗಿಲ ಮುಂದೆ ಕೂತಿರುತ್ತೇನೆ. ಈಗ ಆ ತುದಿಯಿಂದಲೇ ನೀನು ಕಾಣುತ್ತೀಯ.